ಹನ್ನೊಂದನೆಯ ಹಾಳೆ

"ಇಲ್ಲಿ ಬೊಂಬೆಯಜ್ಜಿ ಅಂದ್ರೆ ಯಾರು?"

ಕಾಲೇಜಿನ ಸ್ಟೋರಿನ ಕಿಟಕಿಯಲ್ಲಿ ನಿಂತಿದ್ದ ಹೆಂಗಸು ಏದುಸಿರು ಬಿಡುತ್ತಿದ್ದಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳು ಅದನ್ನು ತೆಗೆದಿಡುವುದನ್ನೂ ಮರೆತು ಓಡಿ ಬಂದಿದ್ದಳು. ನಾನು ಒಳಗೆ ಕೈ ತೋರಿಸಿದೆ. ಕಾಗದದ ಸುರುಳಿಗಳ ನಡುವೆ, ನನ್ನ ಮುರುಕು ಕುರ್ಚಿಯ ಮೇಲೆ, ಅಜ್ಜಿ ಚಹಾ ಕುಡಿಯುತ್ತಿದ್ದಳು.

ಬೊಂಬೆಯಜ್ಜಿಯ ಕೆಲಸ ಕೂರುವುದು. ನಮ್ಮ ಕಲಾ ವಿಭಾಗದ ಹುಡುಗರು ಮನುಷ್ಯರನ್ನು ಬರೆಯಲು ಕಲಿಯುವುದು ಅವಳನ್ನು ನೋಡಿ. ಇಪ್ಪತ್ತಾರು ವರ್ಷಗಳಿಂದ, ದಿನಕ್ಕೆ ನಾಲ್ಕು ಗಂಟೆ, ಕದಲದೆ. ಕದಲದವಳ ಎದುರು ಜನ ಬಾಯಿಗೆ ಬಂದದ್ದು ಮಾತಾಡುತ್ತಾರೆ, ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಮುದ್ರಣ ಕೋಣೆಯ ರೋಲರು ಕಳೆದಾಗ, ಗ್ರಂಥಾಲಯದ ಪುಸ್ತಕಗಳಿಂದ ಯಾರೋ ಚಿತ್ರಪುಟ ಕತ್ತರಿಸಿದಾಗ, ಹಿಡಿದುಕೊಟ್ಟವಳು ಅಜ್ಜಿಯೇ. ಎರಡು ಸಲವೂ ಓಡಾಡಿದ್ದು ನಾನು, ಕೂತಿದ್ದು ಅವಳು, ಹೆಸರು ಬಂದದ್ದೂ ಅವಳಿಗೇ.

"ನಾನು ಸೂಜಿಯ ಅಕ್ಕ," ಎಂದಳು ಹೆಂಗಸು. "ನನ್ನ ತಮ್ಮನ್ನ ಕಾಲೇಜಿಂದ ಹೊರಗೆ ಹಾಕ್ತಾರಂತೆ. ಅವನು ಹಂಗೆ ಮಾಡೋನಲ್ಲ ಅಜ್ಜಿ. ನಾಲ್ಕು ವರ್ಷ ಅವನ ಜೊತೆ ನಾನೂ ನಿದ್ದೆಗೆಟ್ಟಿದ್ದೀನಿ. ಹೇಗಾದ್ರೂ ಮಾಡಿ."

ಅಜ್ಜಿ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟಳು. "ಇವತ್ತೊಂದು ದಿನ ಬೆನ್ನಿಗೆ ರಜಾ ಅಂದ್ಕೊಂಡಿದ್ದೆ. ಏಳಪ್ಪಾ ಉಗ್ರಾಣ, ಕೈ ಕೊಡು."

ಉಗ್ರಾಣ ಎಂದರೆ ನಾನು. ಸ್ಟೋರು ನೋಡಿಕೊಳ್ಳುವವನಿಗೆ ಇನ್ನೇನು ಹೆಸರು ಸಿಕ್ಕೀತು?

ಆ ದಿನ ಕೊನೆಯ ವರ್ಷದ ಪರೀಕ್ಷೆ. ಹಿಂದಿನ ಸಂಜೆಯೇ ವಿದ್ಯಾರ್ಥಿಗಳು ದೊಡ್ಡ ಕೋಣೆಯ ಗೋಡೆಗಳ ಮೇಲೆ ತಮ್ಮ ಕೆಲಸವನ್ನು ಪಿನ್ನು ಹೊಡೆದು ಹೋಗಿದ್ದರು. ಬೆಳಗ್ಗೆ ಎಂಟಕ್ಕೆ ಬೀಗ ತೆಗೆದಾಗ, ಮಸಿ ಎಂದು ಎಲ್ಲರೂ ಕರೆಯುವ ಹುಡುಗಿಯ ಹತ್ತು ಚಿತ್ರಗಳು ಹಾಳಾಗಿದ್ದವು. ಹತ್ತೂ ಇದ್ದಿಲಿನಲ್ಲಿ ಬರೆದ ಅಜ್ಜಿಯ ಚಿತ್ರಗಳು. ಯಾರೋ ಬಟ್ಟೆಯಿಂದ ಒಂದೊಂದನ್ನೂ ತಿಕ್ಕಿ ಬೂದಿಬಣ್ಣ ಮಾಡಿದ್ದರು. ಬಾಗಿದ ಭುಜವೋ ಸೊಂಟವೋ ಅಲ್ಲಲ್ಲಿ ಮಾಸಿ ಉಳಿದಿತ್ತು, ಅಷ್ಟೇ.

ಬೀಗಕ್ಕೆ ಎರಡೇ ಕೀಲಿ. ಒಂದು ನನ್ನ ಸ್ಟೋರಿನ ಮೊಳೆಯ ಮೇಲೆ, ಇನ್ನೊಂದು ತರಗತಿಯ ಪ್ರತಿನಿಧಿ ಸೂಜಿಯ ಬಳಿ. ಕಡ್ಡಿಯಂಥ ಮೈ, ದರ್ಜಿ ಮನೆಯ ಹುಡುಗ. ಹೆಸರು ಬಂದದ್ದು ಎರಡೂ ಕಾರಣಕ್ಕೆ. ಮೊದಲ ಸ್ಥಾನ ಬಂದವರಿಗೆ ಇದೇ ವಿಭಾಗದಲ್ಲಿ ಕಿರಿಯ ಬೋಧಕರ ಕೆಲಸವಿತ್ತು. ಪೈಪೋಟಿ ಇದ್ದದ್ದು ಮಸಿಗೂ ಸೂಜಿಗೂ. ಸಾಲದ್ದಕ್ಕೆ ಇದ್ದಿಲು ಮೆತ್ತಿದ ಬಟ್ಟೆ ಅವನ ಲಾಕರಿನಲ್ಲೇ ಸಿಕ್ಕಿತ್ತು.

ನಾವು ಹೋದಾಗ ಅವನು ಅದೇ ಲಾಕರಿನಿಂದ ಬಣ್ಣದ ಟ್ಯೂಬುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಒಂದು ಕೆಳಗುರುಳಿತು, ನಾನು ಎತ್ತಿಕೊಟ್ಟೆ.

"ಹನ್ನೊಂದಕ್ಕೆ ಹೊರಗಿನ ಪರೀಕ್ಷಕರು ಬರ್ತಾರೆ. ಅಷ್ಟರೊಳಗೆ ಇವನು ಹೊರಗಿರಬೇಕು," ಎಂದರು ಪ್ರಾಂಶುಪಾಲರು. ಅವರ ಕೈಯಲ್ಲಿ ಟೈಪಾದ ಪತ್ರವಿತ್ತು, ಸಹಿಯೊಂದು ಬಾಕಿ.

"ಇಷ್ಟು ಕಠಿಣ ಶಿಕ್ಷೆ ಬೇಡ ಮೇಡಂ," ಎಂದರು ಗೋಡೆಗೊರಗಿ ನಿಂತಿದ್ದ ರೇಖಾಚಿತ್ರದ ಮೇಷ್ಟ್ರು. "ಹುಡುಗ ದಣಿದಿದ್ದಾನೆ. ನಾವೆಲ್ಲ ದಣಿದಿದ್ದೀವಿ."

ಅದು ನಿಜವೇ. ಮೇಷ್ಟ್ರು ಮೂವತ್ತು ವರ್ಷ ಪಾಠ ಹೇಳಿ ಸವೆದುಹೋಗಿದ್ದರು. ಮಂಡಿ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕೂತರೆ ಏಳುವುದು ಕಷ್ಟವೆಂದು ತರಗತಿಯಲ್ಲಿ ನಿಂತೇ ಇರುತ್ತಿದ್ದರು.

ಅಜ್ಜಿ ಕೋಣೆಯನ್ನು ಒಂದು ಸುತ್ತು ಬಂದಳು. ನೆಲದ ತುಂಬ ಸೀಮೆಸುಣ್ಣದ ಗುರುತುಗಳು. ಚಹಾಕ್ಕೆ ಎದ್ದುಹೋದ ಅಜ್ಜಿ ಮರಳಿ ಅದೇ ಭಂಗಿಯಲ್ಲಿ ಕೂರಲೆಂದು ಅವಳ ಪಾದದ ಸುತ್ತ ಗೆರೆ ಎಳೆಯುತ್ತಾರೆ. ತಮ್ಮ ತಮ್ಮ ಜಾಗಕ್ಕೂ ಹಾಗೆಯೇ. ಎಲ್ಲರ ಗುರುತೂ ಚಿತ್ರಫಲಕದ ಮೂರು ಕಾಲುಗಳದ್ದು. ಮಸಿಯದು ಮಾತ್ರ ಅಜ್ಜಿಯ ಪಾದದ ಹತ್ತಿರವೇ, ಎಡಕ್ಕೆ, ಒಂದು ಚೌಕ. ಅವಳು ನೆಲದ ಮೇಲೆ ಮಣೆ ಹಾಕಿಕೊಂಡು ಕೂತು, ಕತ್ತೆತ್ತಿ ನೋಡಿ ಬರೆಯುವವಳು.

"ಎಷ್ಟು ಚಿತ್ರ ಬರೆದಿದ್ದೆ ಮಗಳೇ?" ಎಂದು ಅಜ್ಜಿ ಕೇಳಿದಳು.

ಮಸಿ ಅತ್ತೂ ಅತ್ತೂ ಒಣಗಿದ್ದಳು. "ಹನ್ನೊಂದು. ಕಪಾಟಲ್ಲಿ ಒಂದರ ಮೇಲೊಂದು ಇಟ್ಟಿದ್ದೆ. ಮೂರು ತಿಂಗಳ ಹಿಂದೆ ಒಂದು ಕಳೆದುಹೋಯ್ತು. ಸರ್‌ಗೆ ಹೇಳಿದ್ದೆ. ಇನ್ನೊಂದು ಬರಿ, ಕೈಗೆ ಒಳ್ಳೇದು ಅಂದ್ರು."

"ಫಿಕ್ಸೆಟಿವ್ ಹೊಡೆದಿರ್ಲಿಲ್ವಾ?"

"ಆ ವಾಸನೆಗೆ ನಂಗೆ ಉಸಿರು ಕಟ್ಟತ್ತೆ ಅಜ್ಜಿ."

ಫಿಕ್ಸೆಟಿವ್ ಎಂದರೆ ಡಬ್ಬದಿಂದ ಸಿಂಪಡಿಸುವ ದ್ರಾವಣ. ಅದು ಬಿದ್ದರೆ ಇದ್ದಿಲಿನ ಪುಡಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಮುಟ್ಟಿದರೂ ಅಳಿಸುವುದಿಲ್ಲ. ಮಸಿ ನಾಲ್ಕು ವರ್ಷದಲ್ಲಿ ನನ್ನಿಂದ ಒಂದು ಡಬ್ಬವನ್ನೂ ಒಯ್ದವಳಲ್ಲ. ಮೇಷ್ಟ್ರು ಹಿಂದೆಲ್ಲ ತಿಂಗಳಿಗೆ ಮೂರು ಒಯ್ಯುತ್ತಿದ್ದರು, ಆಮೇಲೆ ವರ್ಷಗಟ್ಟಲೆ ಏನನ್ನೂ ಕೇಳಲಿಲ್ಲ. ಈಚೆಗೆ ಒಂದು ಡಬ್ಬ ಕೇಳಿದಾಗ, ಮತ್ತೆ ಬರೆಯತೊಡಗಿದರು ಎಂದು ನನಗೆ ಖುಷಿಯಾಗಿತ್ತು.

ಅಜ್ಜಿ ನನ್ನಿಂದ ಹತ್ತೂ ಹಾಳೆ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ಹಿಡಿಸಿ, ಹಿಂದೆ ಮುಂದೆ ನೋಡಿದಳು. ಬೆನ್ನಲ್ಲಿ ಮಬ್ಬು ಕೊಳೆ ಬಿಟ್ಟರೆ ನನಗೇನೂ ಕಾಣಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

"ನಿನ್ನ ಮೊಳೆ ಮೇಲಿನ ಕೀಲಿ?"

"ಅಲ್ಲೇ ಇತ್ತು. ಬೆಳಗ್ಗೆ ನೋಡ್ದೆ."

"ನಿನ್ನೆ ಸಂಜೆ ನೋಡಿದ್ಯಾ?"

ನೋಡಿರಲಿಲ್ಲ. ಆ ಮೊಳೆ ಕಿಟಕಿಯೊಳಗೆ ಕೈ ಹಾಕಿದರೆ ಸಿಗುವಷ್ಟು ಹತ್ತಿರವಿದೆ. ಬೇರೆ ಕಡೆ ಹೊಡೆಯಬೇಕೆಂದು ಆರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ.

"ಸಂಜೆ ಯಾರ್ಯಾರು ಬಂದಿದ್ರು?"

"ಟೇಪು ಕೇಳ್ಕೊಂಡು ಇಬ್ಬರು ಹುಡುಗೀರು. ಎದುರಿಗೇ ಇತ್ತು, ಕೊಟ್ಟೆ. ಆಮೇಲೆ ಮೇಷ್ಟ್ರು. ಅವರ ಚಿತ್ರ ಪಕ್ಕದೂರಿನ ಪ್ರದರ್ಶನದಿಂದ ಹೋದ ವಾರ ವಾಪಸು ಬಂತಲ್ಲ, ಗಾಜಿನ ಚೌಕಟ್ಟು, ರಟ್ಟು ಸುತ್ತಿದ್ದು. ಅದನ್ನ ಕೇಳಿದ್ರು. ಹಿಂದಿನ ಕೋಣೆಯಿಂದ ಎತ್ಕೊಂಡು ಬರೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯ್ತು. ಮಂಡಿ ನೋವು, ಇನ್ನೊಂದಿನ ಒಯ್ತೀನಿ ಅಂತ ಹೋಗ್ಬಿಟ್ರು."

"ಬೆಳಗ್ಗೆ?"

"ಮತ್ತೆ ಅವರೇ. ಪಿನ್ನಿನ ಡಬ್ಬಿ ಕೇಳಿದ್ರು, ಒಳಗಿಂದ ತಂದ್ಕೊಟ್ಟೆ."

ಅಜ್ಜಿ ಹಾಳೆಗಳ ಕಡೆ ಮತ್ತೊಮ್ಮೆ ನೋಡಿದಳು. ಅವಳ ಮುಖ ಇದ್ದಕ್ಕಿದ್ದಂತೆ ಇನ್ನೂ ವಯಸ್ಸಾದಂತೆ ಕಂಡಿತು.

ಹನ್ನೊಂದಕ್ಕೆ ಪರೀಕ್ಷಕರು ಬಂದರು. ಬರಬೇಕಾಗಿದ್ದವರಿಗೆ ಕಾಯಿಲೆಯೆಂದು ಹಿಂದಿನ ಮಧ್ಯಾಹ್ನವಷ್ಟೇ ಇವರ ಹೆಸರು ಸೂಚನಾಫಲಕದ ಮೇಲೆ ಹತ್ತಿತ್ತು. ಬಂದವರೇ ನೇರವಾಗಿ ಮೇಷ್ಟ್ರ ಕೈ ಹಿಡಿದರು.

"ಪ್ರದರ್ಶನಕ್ಕೆ ಚಿತ್ರ ಆರಿಸಿದವರಲ್ಲಿ ನಾನೂ ಒಬ್ಬ ಕಣ್ರೀ. ನಿಮ್ಮ ಆ ಮುದುಕಿ ಕೈಗಳು ಇನ್ನೂ ಕಣ್ಣಲ್ಲೇ ಇವೆ. ಮಣಿಕಟ್ಟಿನ ಅಡಿಯ ಸುಟ್ಟ ಕಲೆ, ಆಹಾ! ಎಷ್ಟು ವರ್ಷದ ಮೇಲೆ ಬರೆದ್ರಿ!"

ಮೇಷ್ಟ್ರು ನಕ್ಕರು. ಅಜ್ಜಿ ಸೆರಗಿನಿಂದ ತನ್ನ ಮಣಿಕಟ್ಟು ಮುಚ್ಚಿಕೊಂಡದ್ದನ್ನು ನಾನೊಬ್ಬನೇ ನೋಡಿದೆ.

"ಮೇಡಂ," ಎಂದಳು ಅಜ್ಜಿ, "ಆ ಪತ್ರಕ್ಕೆ ಈಗ್ಲೇ ಸಹಿ ಹಾಕ್ಬೇಡಿ. ಇಪ್ಪತ್ತಾರು ವರ್ಷ ನಿಮ್ಮೆಲ್ಲರ ಮುಂದೆ ನಾನು ಕೂತಿದ್ದೀನಿ. ಇವತ್ತು ಹತ್ತು ನಿಮಿಷ ನೀವು ಕೂತ್ಕೊಳ್ಳಿ."

ಎಲ್ಲರೂ ಕೂತರು. ಪ್ರಾಂಶುಪಾಲರು, ಪರೀಕ್ಷಕರು, ಮಸಿ, ಸೂಜಿ, ಅವನ ಅಕ್ಕ. ಮೇಷ್ಟ್ರು ಎಂದಿನಂತೆ ನಿಂತೇ ಇದ್ದರು. ಅಜ್ಜಿ ತನ್ನ ಪೀಠ ಹತ್ತಿ, ಸೀಮೆಸುಣ್ಣದ ಗೆರೆಯೊಳಗೆ ಪಾದ ಇಟ್ಟಳು.

"ಲಾಕರಿಗೆ ಬೀಗವೇ ಇಲ್ಲ, ಬಟ್ಟೆ ಯಾರು ಬೇಕಾದ್ರೂ ಇಡಬಹುದು. ಉಗ್ರಾಣದ ಕೀಲಿನೂ ಅಷ್ಟೇ, ಕೈ ಚಾಚಿದೋರಿಗೆ ಸಿಗತ್ತೆ. ಅದಕ್ಕೇ ಯಾರು ಅನ್ನೋದನ್ನ ಬಿಟ್ಟು, ಯಾಕೆ ಅಂತ ಯೋಚನೆ ಮಾಡ್ದೆ. ಮತ್ಸರ ಇದ್ದೋನು ಹರೀತಾನೆ. ಹರಿಯೋಕೆ ಒಂದು ನಿಮಿಷ ಸಾಕು. ಇಲ್ಲಿ ಹತ್ತು ಹಾಳೆನೂ ನಿಧಾನವಾಗಿ ಒರೆಸಿದ್ದಾರೆ, ಕಾಗದಕ್ಕೆ ಒಂದು ಗೀರಿಲ್ಲ. ಕಾಗದ ಹರಿಯೋಕೆ ಮನಸ್ಸು ಬಾರದೋರ ಕೆಲಸ ಇದು. ಅವರಿಗೆ ಬೇಕಾಗಿದ್ದು ಗೆರೆ ಕಾಣಬಾರದು ಅನ್ನೋದಷ್ಟೇ. ಯಾರಿಗೆ ಕಾಣಬಾರದು? ನಿನ್ನೆ ಮಧ್ಯಾಹ್ನದ ತನಕ ಈ ಚಿತ್ರಗಳಿಗೆ ಏನೂ ಆಗಿರ್ಲಿಲ್ಲ. ಪರೀಕ್ಷಕರು ಬದಲಾದ ಮೇಲೇ ಆಗಿದ್ದು."

ಪರೀಕ್ಷಕರು ಹುಬ್ಬೇರಿಸಿದರು. "ನಾನೇನು ಮಾಡ್ದೆ?"

"ಇದನ್ನ ಬರೆದ ಕೈಯ ಗೆರೆಗಳನ್ನ ನೀವು ಹಿಂದೆ ಒಂದ್ಸಲ ನೋಡಿದ್ರಿ ಸ್ವಾಮಿ. ಉಗ್ರಾಣ, ಹಾಳೆ ತಿರುಗಿಸು."

ಒಂದೊಂದೇ ಹಾಳೆಯ ಬೆನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಆಗ ಕಂಡಿತು. ಕೊಳೆ ಅಂದುಕೊಂಡದ್ದು ಕೊಳೆಯಲ್ಲ, ಅಜ್ಜಿ. ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ತಿರುಗಿದ, ತೆಳ್ಳನೆಯ ಅಜ್ಜಿ.

"ಫಿಕ್ಸೆಟಿವ್ ಹೊಡೆಯದ ಇದ್ದಿಲು ಮೇಲಿನ ಹಾಳೆಯ ಬೆನ್ನಿಗೆ ಅಂಟತ್ತೆ," ಎಂದಳು ಅಜ್ಜಿ. "ಮಸಿಯ ಚಿತ್ರಗಳು ತಿಂಗಳುಗಟ್ಟಲೆ ಒಂದರ ಮೇಲೊಂದು ಮಲಗಿದ್ವು. ಮುಂದೆ ಒರೆಸಿದೋರಿಗೆ ಹಿಂದೆ ನೋಡೋದು ಹೊಳೀಲಿಲ್ಲ, ಯಾಕಂದ್ರೆ ಮೂವತ್ತು ವರ್ಷದಿಂದ ಅವರು ಫಿಕ್ಸೆಟಿವ್ ಹೊಡೆಯದೆ ಒಂದು ಚಿತ್ರನೂ ಎತ್ತಿಟ್ಟೋರಲ್ಲ. ಅವರ ಹಾಳೆಗಳ ಬೆನ್ನು ಯಾವಾಗ್ಲೂ ಬೆಳ್ಳಗೆ. ಈಗ ಮೂಲೆಯಲ್ಲಿ ಮಸಿ ಏಳು ಅಂತ ಬರೆದಿರೋ ಹಾಳೆ ನೋಡಿ."

ಏಳನೆಯ ಹಾಳೆಯ ಬೆನ್ನಲ್ಲಿ ಮಡಿಲ ಮೇಲೆ ಸೋತು ಬಿದ್ದ ಎರಡು ಕೈಗಳಿದ್ದವು. ಒಂದು ಅಂಗೈ ಮೇಲಾಗಿತ್ತು. ಮಣಿಕಟ್ಟಿನ ಅಡಿಯಲ್ಲಿ ಒಂದು ಕಲೆ.

"ಬೇರೆ ಬೆನ್ನುಗಳಲ್ಲಿರೋ ಅಚ್ಚು, ಮುಂದೆ ಮಾಸಿ ಉಳಿದಿರೋ ಗೆರೆಗೆ ಹೊಂದತ್ತೆ. ಈ ಕೈಗಳಿಗೆ ಹೊಂದೋ ಚಿತ್ರ ಈ ಹತ್ತರಲ್ಲಿ ಇಲ್ಲ."

"ಅದೇ ನನ್ನ ಕಳೆದುಹೋದ ಹಾಳೆ!" ಮಸಿ ಎದ್ದು ನಿಂತಳು. ಪರೀಕ್ಷಕರೂ ಎದ್ದಿದ್ದರು. ಅವರು ಹಾಳೆ ನೋಡಿ, ಮೆಲ್ಲಗೆ ಮೇಷ್ಟ್ರ ಕಡೆ ತಿರುಗಿದರು.

ಅಜ್ಜಿ ಸೆರಗು ಸರಿಸಿ ಮಣಿಕಟ್ಟು ತೋರಿಸಿದಳು. "ಈ ಕಲೆ ನಿಂತು ನೋಡೋರಿಗೆ ಕಾಣಲ್ಲ, ನನ್ನ ಕೈಯೇ ಮರೆ. ಆ ಚೌಕದಲ್ಲಿ, ನೆಲದ ಮೇಲೆ ಕೂತೋರಿಗೆ ಮಾತ್ರ ಕಾಣತ್ತೆ. ಮೇಷ್ಟ್ರು ನೆಲದ ಮೇಲೆ ಕೂತು ಎಷ್ಟು ವರ್ಷ ಆಯ್ತು? ಉಗ್ರಾಣ, ಅವರ ಪೊಟ್ಟಣ ತಗೊಂಡು ಬಾ."

ನಾನು ತಂದೆ. ಸೊಂಟದ ನೋವು ಆಗ ನೆನಪಾಗಲಿಲ್ಲ. ಪ್ರಾಂಶುಪಾಲರು ಆಗಲಿ ಎಂದು ತಲೆಯಾಡಿಸಿದರು, ಬ್ಲೇಡಿನಿಂದ ರಟ್ಟು ಕೊಯ್ದು ಚೌಕಟ್ಟು ಬಿಚ್ಚಿದೆ. ಅವೇ ಕೈಗಳು. ಮಸಿಯ ಬೂದಿಯಾದ ಹಾಳೆಯ ಅಂಚು ಮುಟ್ಟಿದರೆ ಬೆರಳು ಕಪ್ಪಾಯಿತು. ಇದನ್ನು ಉಜ್ಜಿದರೂ ಬೆರಳು ಸ್ವಚ್ಛ. ತಿರುಗಿಸಿದರೆ ಬೆನ್ನಲ್ಲಿ ಅಜ್ಜಿಯ ಬಾಗಿದ ಭುಜದ ಅಚ್ಚು. ಅದು ಮಸಿಯ ಐದನೆಯ ಚಿತ್ರದ್ದು, ಸಂದೇಹವೇ ಇರಲಿಲ್ಲ.

"ಆಗ ಒಂದೇ ಡಬ್ಬ ಫಿಕ್ಸೆಟಿವ್ ಕೇಳಿದ್ರಿ ಸರ್," ಎಂದೆ ನಾನು, ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು. "ಇದ್ದಿಲು ಕೇಳ್ಲಿಲ್ಲ. ಕಾಗದನೂ ಕೇಳ್ಲಿಲ್ಲ."

ಮೇಷ್ಟ್ರು ಒಂದು ಕುರ್ಚಿ ಎಳೆದುಕೊಂಡು ಕೂತರು. ಮಂಡಿ ಹಿಡಿದುಕೊಂಡು, ನಿಧಾನವಾಗಿ.

"ಎಂಟು ವರ್ಷ," ಎಂದರು. "ಎಂಟು ವರ್ಷದಿಂದ ಒಂದು ಗೆರೆ ಎಳೆಯೋಕೆ ಆಗಿಲ್ಲ. ಇವರ ಗೆರೆ ತಿದ್ದಿ ತಿದ್ದಿ ನನ್ನದು ಯಾವುದು ಅಂತಾನೇ ಮರೆತುಹೋಯ್ತು. ಆ ಹಾಳೆ ನೋಡಿದಾಗ, ನಾನು ಬರೆದಿದ್ರೆ ಹೀಗೇ ಬರೀತಿದ್ದೆ ಅನ್ನಿಸ್ತು. ಕಳಿಸಿಬಿಟ್ಟೆ. ಅದು ಆಯ್ಕೆ ಆಗತ್ತೆ ಅಂದ್ಕೊಂಡಿರಲಿಲ್ಲ."

"ಅದೊಂದು ಹಾಳಾಗಲಿ ಸರ್," ಎಂದಳು ಸೂಜಿಯ ಅಕ್ಕ. "ಬಟ್ಟೆ ನನ್ನ ತಮ್ಮನ ಲಾಕರಿಗೆ ಯಾಕೆ ಹಾಕಿದ್ರಿ?"

ಮೇಷ್ಟ್ರು ಮಂಡಿ ಒತ್ತಿಕೊಳ್ಳುತ್ತಲೇ ಇದ್ದರು. ಅವರ ಮೇಲೆ ನನಗೆ ಬಂದಿದ್ದ ಕನಿಕರ ಅಲ್ಲಿಗೆ ಮುಗಿಯಿತು. ಪ್ರಾಂಶುಪಾಲರು ಪತ್ರವನ್ನು ನಾಲ್ಕಾಗಿ ಹರಿದು, ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋದರು.

"ನಿನ್ನ ಪರೀಕ್ಷೆ ಮುಂದಕ್ಕೆ ಹಾಕೋಣವಾ ಅಮ್ಮಾ?" ಎಂದು ಪರೀಕ್ಷಕರು ಕೇಳಿದರು.

ಮಸಿ ಬೇಡವೆಂದು ತಲೆಯಲ್ಲಾಡಿಸಿದಳು. ಸೂಜಿ ಚೀಲ ಕೆಳಗಿಟ್ಟು, ಪಿನ್ನಿನ ಡಬ್ಬಿ ಎತ್ತಿಕೊಂಡ. ಇಬ್ಬರೂ ಸೇರಿ ಹತ್ತು ಹಾಳೆಗಳನ್ನೂ ಬೆನ್ನು ಮುಂದಾಗಿ ಗೋಡೆಗೆ ಹೊಡೆದರು, ನಡುವೆ ಹನ್ನೊಂದನೆಯದು. ಮಾಸಲು ಅಜ್ಜಿಯರ ನಡುವೆ ಆ ಎರಡು ಕೈಗಳು ಮಾತ್ರ ಅಚ್ಚಗಪ್ಪು. ಪರೀಕ್ಷಕರು ಅಂಕದ ಹಾಳೆ ತೆಗೆದವರು ಅದನ್ನು ಮಡಚಿ ಹಿಡಿದು, ಗೋಡೆಯನ್ನೇ ನೋಡುತ್ತ ನಿಂತರು.

"ಉಗ್ರಾಣ, ಕಾಲು ಜೋಮು ಹಿಡೀತು," ಎಂದಳು ಅಜ್ಜಿ. "ಇಳಿಸು. ಒಂದು ಲೋಟ ಚಹಾ ಕೊಡಿಸು. ಆ ಮೊಳೆನೂ ಇವತ್ತೇ ಕೀಳು."

"ಸ್ವಲ್ಪ ಇರಿ ಅಜ್ಜಿ, ಕದಲಬೇಡಿ."

ಸೂಜಿ ಓಡಿ ಬಂದು ಅವಳ ಮುಂದೆ ಮಂಡಿಯೂರಿದ. ಎಲ್ಲರ ಓಡಾಟಕ್ಕೆ ಅಳಿಸಿಹೋಗಿದ್ದ ಸೀಮೆಸುಣ್ಣದ ಗೆರೆಯನ್ನು, ಅವಳ ಒಂದೊಂದು ಬೆರಳನ್ನೂ ಬಳಸಿ, ಹೊಸದಾಗಿ ಎಳೆಯತೊಡಗಿದ.

"ಇವತ್ತು ಮತ್ತೆ ಕೂರಿಸ್ತೀಯೇನೋ?" ಎಂದಳು ಅಜ್ಜಿ.

"ಇವತ್ತಲ್ಲ ಅಜ್ಜಿ, ನಾಳೆ," ಎಂದ ಸೂಜಿ. "ನಾಳೆ ನಾನು ಬರ್ತೀನಲ್ಲ."