ಹುಂಜ ಕೂಗುವ ಬೆಲ್

ನನ್ನ ಗಂಡ ಮನೀಷ್ ತೀರಿಹೋದ ಮೇಲೆ ನಾವು ಪಾಣೆಮಂಗಳೂರಿನ ಮನೆ ಬಿಟ್ಟು ಬಿ.ಸಿ.ರೋಡಿನ ಫ್ಲ್ಯಾಟಿಗೆ ಬಂದೆವು. ಅಷ್ಟರಲ್ಲಿ ತುಳುವರ ಆಟಿ ತಿಂಗಳು ಬಂತು. ತೀರಿಕೊಂಡವರಿಗೆ ಎಲೆ ಹಾಕಿ, ಕೋಳಿಯೂಟ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮಲ್ಲಿ ಆ ತಿಂಗಳ ರೂಢಿ.

“ಅವನಿಗೆ ಈ ಮನೆ ಗೊತ್ತೇ ಇಲ್ಲ. ಹೇಗೆ ಬರ್ತಾನೆ?” ಅತ್ತೆಗೆ ಅದೊಂದೇ ಚಿಂತೆ.

ಮನೀಷ್ ಸೆನ್ಸರ್ ಜೋಡಿಸಿ ಕೈಯಾರೆ ಮಾಡಿದ್ದ ಬೆಲ್ಲೊಂದನ್ನು ಹಳೆ ಮನೆಯಿಂದ ತಂದು, ಈಗ ಎಲೆ ಹಾಕಿದ ಕೋಣೆಯ ಗೋಡೆಗೆ ಹಾಕಿದ್ದೆವು. ಯಾರಾದರೂ ಒಳಗೆ ಕಾಲಿಟ್ಟರೆ ಅದು ಹುಂಜದ ಹಾಗೆ ಕೂಗುತ್ತದೆ. ಬಾಗಿಲು ಮುಚ್ಚುವಾಗ ಅದನ್ನು ಆಫ್ ಮಾಡಲು ಮರೆತೆ.

ನಾವು ಹೊರಗೆ ಕೂತ ಸ್ವಲ್ಪ ಹೊತ್ತಿಗೆ ಒಳಗೆ ಹುಂಜ ಕೂಗಿತು. ಬಾಗಿಲ ಸಂದಿಯಿಂದ, ಮನೀಷ್ ತಂತಿ ಬೆಸೆಯುವಾಗ ಬರುತ್ತಿದ್ದ ಸೋಲ್ಡರ್ ಕರಗಿದ ವಾಸನೆ ಬಂತು. ಮತ್ತೆ ಕೂಗಿತು, ಮತ್ತೆ ಮತ್ತೆ. ಹೊಸತೇನಾದರೂ ಮಾಡಿದ ದಿನ ಮನೀಷ್ ಹೀಗೇ ಸೆನ್ಸರ್ ಮುಂದೆ ಕೈ ಆಡಿಸುತ್ತಾ ನಿಲ್ಲುತ್ತಿದ್ದರು.

ನಾದಿನಿ ಅಕ್ಷಿತಾ ನನ್ನ ಕೈ ಹಿಡಿದಳು. “ಅತ್ತಿಗೆ, ಬಡಿಸಿದ ಕೋಳಿಯೇ ಕೂಗ್ತಾ ಉಂಟಾ?”

ಅತ್ತೆ ಮಾತ್ರ ಎದ್ದು ಬಾಗಿಲ ಬಳಿ ಹೋದರು. “ಬಂದದ್ದು ಗೊತ್ತಾಯ್ತು ಮಾರಾಯ! ಕಿವಿ ತೂತಾಗ್ತದೆ, ಸ್ವಲ್ಪ ಸಣ್ಣ ಮಾಡು. ಆಟ ಮತ್ತೆ, ಮೊದಲು ಊಟ ಮಾಡು!”

ಮುಂದಿನ ಕೂಗು ಮೆಲ್ಲಗೆ ಬಂತು. ಅಕ್ಷಿತಾಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅತ್ತೆಗೂ, ನನಗೂ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬಾಗಿಲು ತೆರೆದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಹುಂಜ ಈಗಲೂ ಮೆಲ್ಲಗೇ ಕೂಗುತ್ತದೆ. ಒಮ್ಮೆ ಬೆಲ್ಲಿನ ಪೆಟ್ಟಿಗೆ ಬಿಚ್ಚಿ ನೋಡಿದೆ. ಸದ್ದು ಸಣ್ಣ ಮಾಡುವ ಗುಂಡಿಯನ್ನು ಮನೀಷ್ ಅದರಲ್ಲಿ ಇಟ್ಟೇ ಇಲ್ಲ.