ಒರೆಸಬಾರದ ಹೆಸರು

“ಪೆಟ್ಟಿಗೆ ಒಳಗಿರೋರು ಎದ್ದು ಕೂರೋ ತನಕ ಆ ಹೆಸರು ಒರೆಸಬೇಡಿ ಸ್ವಾಮಿ,” ಎಂದ ಮುದುಕ ವಿಲ್ಫ್. ಸ್ಟುಡಿಯೋದ ಸಾಮಾನುಗಳ ಉಸ್ತುವಾರಿ ಅವನದು. ಶಾಟಿಗೆ ಮುಂಚೆ ಬಡಿಯುವ ಕ್ಲ್ಯಾಪ್ ಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ‘ಡೊರೀನ್’ ಎಂದು ಬರೆದಿದ್ದ.

ನೈಜೆಲ್ ಹ್ಯಾಡ್ಲೋ ನಕ್ಕುಬಿಟ್ಟ. ಸಹಾಯಕ ನಿರ್ದೇಶಕನಾಗಿ ಲಂಡನ್ನಿನಿಂದ ಬಂದು ನಾಲ್ಕೇ ದಿನ. ಹೊಸಬನೆಂದು ಆಟ ಆಡಿಸುತ್ತಿದ್ದಾರೆಂಬ ಗುಮಾನಿ ಮೊದಲಿನಿಂದಲೂ ಇತ್ತು.

“ಒರೆಸಿದ್ರೆ ಪೆಟ್ಟಿಗೆ ಮುನಿಸ್ಕೊಳ್ಳತ್ತಾ?”

“ಈ ಶವಪೆಟ್ಟಿಗೆ ನಮ್ಮ ಬಡಗಿ ಮಾಡಿದ್ದಲ್ಲ. ಪಾಳುಬಿದ್ದ ಚರ್ಚಿನ ನೆಲಮಾಳಿಗೆಯಿಂದ ತಂದದ್ದು. ಮಾಟಗಾತಿ ಅಂತ ಒಬ್ಬಳನ್ನ ಇದರಲ್ಲಿಟ್ಟು, ಊರಿನ ದಾಖಲೆಯಿಂದ ಅವಳ ಹೆಸರನ್ನೇ ಅಳಿಸಿದ್ರಂತೆ. ಈಗ ಬೇರೆಯವರ ಹೆಸರಿಗೆ ಕಾಯ್ತಾಳೆ.”

ಒಳಗೆ ಮಲಗಿದ್ದವಳು ನೈಜೆಲ್‌ನ ಹೆಂಡತಿ. ಮದುವೆಯಾಗಿ ಆರು ವಾರ. ಮುಚ್ಚಳ ಮುಚ್ಚುವ ಶಾಟಿನಲ್ಲಿ ನಾಯಕಿಯ ಬದಲು ಮಲಗುವ ಕೆಲಸ, ಕೊಡಿಸಿದವನು ಅವನೇ.

“ಬೇಗ ಮುಗಿಸ್ರೀ, ಟೀ ಹೊತ್ತಾಯ್ತು,” ಎಂದಳು ಡೊರೀನ್. “ಮೂಗು ಬೇರೆ ಕೆರೀತಿದೆ.”

“ಸತ್ತೋರು ಮೂಗು ಕೆರ್ಕೊಳ್ಳಲ್ಲ, ಸುಮ್ನಿರೇ.”

ಮುಚ್ಚಳ ಬಿತ್ತು. ದೀಪವೊಂದು ಮಿಣುಕಿ ಶಾಟು ಕೆಟ್ಟಿತು. ಎರಡನೆಯ ಟೇಕ್. ನೈಜೆಲ್ ಹಲಗೆಯನ್ನು ಕಸಿದುಕೊಂಡು, ವಿಲ್ಫ್‌ನ ಕಡೆ ಕಣ್ಣು ಮಿಟುಕಿಸಿ, ಟೇಕಿನ ಅಂಕಿಯ ಜೊತೆ ಮೂಲೆಯ ಹೆಸರನ್ನೂ ತೋಳಿನಿಂದ ಒರೆಸಿದ.

ಗಪ್ಪೆಂದು ಹಸಿ ಮಣ್ಣಿನ ವಾಸನೆ. ಮುಚ್ಚಳ ತೆರೆದರು. ಪೆಟ್ಟಿಗೆ ಖಾಲಿ.

“ಸರಿ, ಸಾಕು ತಮಾಷೆ. ಎಲ್ಲಿ ಅವಳು?”

ಪ್ರತಿ ಶಾಟಿನ ವಿವರ ಬರೆದಿಡುವ ಮಿಸೆಸ್ ಪಾರ್ಜೆಟರ್ ಕನ್ನಡಕ ಸರಿಪಡಿಸಿಕೊಂಡಳು. “ಯಾರಪ್ಪಾ? ಖಾಲಿ ಪೆಟ್ಟಿಗೇನೇ ಮುಚ್ಚಿದ್ವಲ್ಲ.”

ಅವಳ ಪುಸ್ತಕದಲ್ಲೂ ಹಾಗೆಯೇ ಇತ್ತು. ಎಲ್ಲರೂ ಸೇರಿಕೊಂಡಿದ್ದಾರೆ ಎಂದುಕೊಂಡ ನೈಜೆಲ್. ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದ. ಯಾರ ತುಟಿಯಲ್ಲೂ ನಗು ಇರಲಿಲ್ಲ. ಟೀ ಗಾಡಿ ಗಡಗಡ ಎಂದು ಬಂತು. ಎಲ್ಲರೂ ಅತ್ತ ಹೋದರು. ವಿಲ್ಫ್ ಮಾತ್ರ ನಿಂತಿದ್ದ. ಮುಖ ಬಿಳುಚಿತ್ತು.

“ನಿಮ್ಮ ಹೆಂಡ್ತಿ ಒಳಗಿದ್ರು ಅಂತ ಗೊತ್ತು. ಹೆಸರು ನಂಗೆ ಹಾರಿಹೋಯ್ತು.” ಸೀಮೆಸುಣ್ಣ ಕೊಟ್ಟ. “ಟೀ ಮುಗಿಸಿ ಬಂದು ಮತ್ತೆ ಮುಚ್ತಾರೆ. ಅಷ್ಟರೊಳಗೆ ಬರೆದ್ರೆ ಬರ್ತಾಳೆ. ಕಟ್ಕೊಂಡೋರು ನೀವು. ನಿಮಗಾದ್ರೂ ನೆನಪಿರತ್ತೆ.”

ನೈಜೆಲ್ ಸೀಮೆಸುಣ್ಣವನ್ನು ಹಲಗೆಗೆ ಊರಿದ. ಕೈ ಓಡಲಿಲ್ಲ. ಕುತ್ತಿಗೆಯಲ್ಲಿ ಅವಳು ಹೆಣೆದ ಮಫ್ಲರ್. ಅವಳ ಸೋಪಿನ ವಾಸನೆ. ಕೆರೆಯುವ ಮೂಗು. ಎಲ್ಲ ನೆನಪಿದೆ. ಹೆಸರು? ಬೆವರು ಇಳಿಯಿತು. ಹೆಸರು?

ಖಾಲಿ ಪೆಟ್ಟಿಗೆಯ ತಳದಿಂದ ಉಗುರು ಕೆರೆಯುವ ಸದ್ದು.

“ರೀ... ನನ್ನ ಕರೀರಿ.”

ಆಚೆ ಟೀ ಕಪ್ಪುಗಳನ್ನು ಕೆಳಗಿಡುವ ಸದ್ದಾಯಿತು. ನೈಜೆಲ್ ತನಗೆ ಗೊತ್ತಿದ್ದ ಹೆಂಗಸರ ಹೆಸರುಗಳನ್ನೆಲ್ಲ ಒಂದರ ಕೆಳಗೊಂದು ಗೀಚತೊಡಗಿದ. ಒಂದಕ್ಕೂ ಅವಳು ಓಗೊಡಲಿಲ್ಲ.