ಕ್ಯಾರಿಗ್ ಬಾಯ್‌ನ ಮುಂಗಾಲು

೧೯೯೪ರ ಮಾರ್ಚ್ ೨೪, ಗುರುವಾರ ಬೆಳಿಗ್ಗೆ ಏಳು ಹತ್ತಕ್ಕೆ ಕಿಲ್‌ಕೊರನ್ ಠಾಣೆಗೆ ದೂರು ಬಂತು. ದೂರುದಾರರು ಕುದುರೆ ತರಬೇತುದಾರ ಮಲಾಕಿ ಪ್ರೆಂಡಿವಿಲ್. ಕಳುವಾದದ್ದು ಕ್ಯಾರಿಗ್ ಬಾಯ್, ಹನ್ನೊಂದು ವರ್ಷದ ಕಂದು ಕುದುರೆ. ಐದನೇ ವಯಸ್ಸಿಗೆ ರೈತರ ಹೊಲಗಳಲ್ಲಿ ನಡೆಯುವ ಓಟಕ್ಕೆ ಕಾಲಿಟ್ಟು, ಬೇಲಿ ಹಳ್ಳ ಹಾರುತ್ತ ನಲವತ್ತೊಂದು ಓಟ ಓಡಿ ಒಂಬತ್ತು ಗೆದ್ದಿತ್ತು. ನಡುವೆ ಒಂದು ವರ್ಷ ಕುಂಟಿ ಕೊಟ್ಟಿಗೆಯಲ್ಲೇ ನಿಂತಿದ್ದು, ಕಳೆದ ಜನವರಿಯಲ್ಲಿ ಮತ್ತೆ ಓಡಿ ಗೆದ್ದಾಗ ಇಡೀ ಊರೇ ಕುಣಿದಿತ್ತು. ದೂರು ಬರೆದುಕೊಂಡ ಸಾರ್ಜೆಂಟ್ ಫಿಂಟನ್ ಹೆಶನ್ನರೂ ಅಂದು ಟೋಪಿ ಎಸೆದು ಕೂಗಿದವರೇ.

"ಈಸ್ಟರ್ ಸೋಮವಾರ ಅದು ಓಡ್ಬೇಕು ಸಾರ್ಜೆಂಟ್. ಹನ್ನೊಂದು ದಿನ ಇದೆ ಅಷ್ಟೆ," ಎಂದರು ಪ್ರೆಂಡಿವಿಲ್.

"ಅದನ್ನ ನೋಡ್ಕೊಳ್ಳೋರು ಯಾರು?"

"ಡಿನ್ನಿ ಟೂಹಿ. ಎರಡು ದಿನದಿಂದ ಜ್ವರ ಅಂತ ಮನೇಲಿದಾನೆ. ಅವನಿದ್ದಿದ್ರೆ ಹೀಗಾಗ್ತಿರ್ಲಿಲ್ಲ."

ಎಂಟೂವರೆಗೆ ಪಂಚನಾಮೆ. ಬೀಗ ಒಡೆದಿರಲಿಲ್ಲ. ಗಾಡಿಯ ಗುರುತೂ ಇಲ್ಲ, ಕೆಸರಿನಲ್ಲಿ ಲಾಳದ ಹೆಜ್ಜೆ ಮಾತ್ರ. ಅದರ ಪಕ್ಕದಲ್ಲೇ ಲಾಳವಿಲ್ಲದ ಸಣ್ಣ ಗೊರಸಿನ ಹೆಜ್ಜೆ ಕಂಡ ಕಾನ್‌ಸ್ಟೇಬಲ್ ಗ್ರಾನ್ಯ ಡಿಗ್ನನ್ ಬಗ್ಗಿ ನೋಡಿದಳು.

"ಸರ್, ಕತ್ತೇನೂ ಇಲ್ಲ."

ಕುದುರೆಯ ಜೊತೆಗೆಂದು ಕಟ್ಟಿದ್ದ ಮುದಿ ಕತ್ತೆ ಅದು. ಪಕ್ಕದಲ್ಲಿ ಅದಿಲ್ಲದಿದ್ದರೆ ಕ್ಯಾರಿಗ್ ಬಾಯ್ ಮೇವು ಮುಟ್ಟುತ್ತಿರಲಿಲ್ಲ. ಮಾರುವ ಕಳ್ಳ ಆ ಮುದಿ ಪ್ರಾಣಿಯನ್ನು ಕಟ್ಟಿಕೊಂಡು ಏನು ಮಾಡುತ್ತಾನೆ? ಕುದುರೆ ಉಪವಾಸ ಬೀಳಬಾರದು ಎಂದುಕೊಂಡವನು ಮಾತ್ರ ಹಾಗೆ ಮಾಡಿಯಾನು ಎಂದು ಹೆಶನ್‌ಗೆ ಅನ್ನಿಸಿತು. ಅನ್ನಿಸಿದ್ದನ್ನು ಅವರು ಪಂಚನಾಮೆಯಲ್ಲಿ ಬರೆಯಲಿಲ್ಲ.

ಹತ್ತು ಗಂಟೆಗೆ ಹಾಲಿನ ಲಾರಿಯ ಚಾಲಕ ಸಿಕ್ಕಿದ.

"ನೋಡ್ದೆ ಸರ್, ಬೆಳಗಾಗ್ತಿತ್ತು. ತಲೆಗೆ ಗೋಣಿ ಹಾಕ್ಕೊಂಡ ಒಬ್ಬ, ಒಂದು ಕುದುರೆ, ಒಂದು ಕತ್ತೆ."

"ಅನುಮಾನ ಬರ್ಲಿಲ್ವಾ?"

"ಭಾನುವಾರ ಗರಿ ಹಬ್ಬ ಅಲ್ವಾ, ಯೇಸು ಕತ್ತೆ ಮೇಲೆ ಊರಿಗೆ ಬಂದ ದಿನ? ಮೆರವಣಿಗೆಗೆ ಪಾದ್ರಿಗಳು ಕತ್ತೆ ಕೇಳಿರ್ತಾರೆ ಅನ್ಕೊಂಡು ಶಿಲುಬೆ ಗುರುತು ಮಾಡ್ಕೊಂಡೆ."

"ಎಲ್ಲಿಗೆ ಹೋಗ್ತಿದ್ರು?"

"ಸುಣ್ಣದ ಗೂಡಿನ ದಾರೀಲಿ."

"ಚರ್ಚು ಇರೋದು ಈ ಕಡೆ."

"ಅದು ಆಮೇಲೆ ಹೊಳೀತು ಸರ್."

ಆ ದಾರಿಯ ಕೊನೆಗೆ ಇದ್ದದ್ದು ಒಂದೇ ಕೊಟ್ಟಿಗೆ. ಡಿನ್ನಿಯ ಸತ್ತ ಅಕ್ಕನದು.

ಹನ್ನೊಂದು ಇಪ್ಪತ್ತಕ್ಕೆ ಹೆಶನ್ ಮತ್ತು ಗ್ರಾನ್ಯ ಒಳಗೆ ಹೋದಾಗ ಡಿನ್ನಿ ಹುಲ್ಲಿನ ಮೇಲೆ ಕೂತಿದ್ದ. ವಯಸ್ಸು ಐವತ್ತೆಂಟು. ಕುದುರೆ, ಕತ್ತೆ ಒಂದೇ ಕಂತೆಯಿಂದ ತಿನ್ನುತ್ತಿದ್ದವು.

"ಯಾರಿಗೆ ಮಾರೋಕೆ ಡಿನ್ನಿ?"

"ಯಾರಿಗೂ ಇಲ್ಲ. ಈಸ್ಟರ್ ಸೋಮವಾರ ಕಳೀಲಿ, ನಾನೇ ವಾಪಸ್ ಬಿಡ್ತಿದ್ದೆ."

"ಕಳ್ಳನಿಗೊಂದು ಪಿಳ್ಳೆ ನೆವ. ಯಾಕೆ ಅಂತ ಹೇಳು."

ಡಿನ್ನಿ ಕಂತೆಯಿಂದ ಹುಲ್ಲು ಎಳೆದು ಕತ್ತೆಯ ಮುಂದೆ ಹಾಕಿದ.

"ಹೇಳದಿದ್ರೆ ಕುದುರೆ ಇವತ್ತೇ ಪ್ರೆಂಡಿವಿಲ್ ಹತ್ರ ಹೋಗುತ್ತೆ. ಈಸ್ಟರ್ ಸೋಮವಾರ ಓಡುತ್ತೆ. ನನ್ನ ಕೈಲಿ ಏನೂ ಇಲ್ಲ."

ಡಿನ್ನಿ ಕುದುರೆಯನ್ನು ನೋಡಿದ. ಆಮೇಲೆ ಎದ್ದು, ಗ್ರಾನ್ಯಳ ಪೆನ್ನು ಕೇಳಿ ಪಡೆದು, ಕುದುರೆಯ ಹಿಂಗಾಲಿನ ಗೊರಸಿನ ಹಿಂಬದಿಗೆ ಅದರ ಮೊನೆ ತಾಗಿಸಿದ. ಕುದುರೆ ಒದೆಯಿತು. ಮುಂಗಾಲನ್ನು ಎತ್ತಿ ಅದೇ ಜಾಗಕ್ಕೆ ಒತ್ತಿದ. ಇನ್ನಷ್ಟು ಒತ್ತಿದ. ಅದು ಹುಲ್ಲು ಅಗಿಯುತ್ತಲೇ ಇತ್ತು.

"ಮುಂದೆ ಪಾದ ಇದೆ ಅನ್ನೋದೇ ಅದಕ್ಕೆ ಗೊತ್ತಿಲ್ಲ," ಎಂದ. ಕೂದಲು ಸರಿಸಿ ಎರಡು ಸಣ್ಣ ಕಲೆ ತೋರಿಸಿದ. "ನವೆಂಬರ್‌ನಲ್ಲಿ ನರ ಕತ್ತರಿಸಿದ್ರು. ಡಾಕ್ಟರನ್ನ ಯಜಮಾನ್ರು ಬೇರೆ ಜಿಲ್ಲೆಯಿಂದ ಕರೆಸಿದ್ರು. ನೋವು ಹೋಯ್ತು. ಮೂಳೆ ಸವೀತಾನೇ ಇದೆ. ಇನ್ನೊಂದು ಓಟಕ್ಕೆ ಮುರಿಯುತ್ತೆ, ಬೇಲಿ ಮೇಲೆ."

"ಕತ್ತರಿಸೋವಾಗ ಅದರ ತಲೆ ಹಿಡಿದಿದ್ದು ಯಾರು?"

"ನಾನು. ಬೇರೆಯವರ ಕೈಗೆ ಅದು ನಿಲ್ಲಲ್ಲ."

ಜನವರಿಯಲ್ಲಿ ತಾನು ಕೂಗಿದ್ದು ಈ ಕಾಲಿಗೆ ಎಂದು ಹೊಳೆದು ಹೆಶನ್‌ಗೆ ನಾಚಿಕೆಯಾಯಿತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಠಾಣೆಗೆ ಬಂದು ಹೇಳ್ಬಾರ್ದಿತ್ತಾ?"

"ಬಂದಿದ್ದೆ ಸಾರ್ಜೆಂಟ್ರೇ, ಎರಡು ಸಲ, ಗೇಟಿನ ತನಕ. ಹೇಳಿದ್ರೆ ಪೂರ್ತಿ ಹೇಳ್ಬೇಕಲ್ಲ. ಕಳ್ಳ ಅನ್ನಿಸ್ಕೊಳ್ಳೋದೇ ಸಲೀಸು ಅನ್ನಿಸ್ತು."

ಕಳ್ಳತನದ ಮೇಲೆ ಡಿನ್ನಿಯನ್ನು ಬಂಧಿಸಲಾಯಿತು. ಕುದುರೆಯನ್ನು ಸಾಕ್ಷ್ಯವೆಂದು ಕೊಟ್ಟಿಗೆಯಲ್ಲೇ ತಡೆಹಿಡಿದು ಸರ್ಕಾರಿ ಪಶುವೈದ್ಯರಿಗೆ ಹೇಳಿಕಳಿಸಲಾಯಿತು. ವಿಚಾರಣೆಗೆ ಬರುವಂತೆ ಪ್ರೆಂಡಿವಿಲ್‌ಗೂ ಕರೆ ಹೋಯಿತು. ನರ ಕತ್ತರಿಸಿದ ಕುದುರೆಯನ್ನು ಓಟಕ್ಕೆ ಬಿಡುವುದು ನಿಯಮಕ್ಕೆ ವಿರುದ್ಧ; ಕ್ಯಾರಿಗ್ ಬಾಯ್ ಇನ್ನು ಓಡುವಂತಿರಲಿಲ್ಲ.

ಎರಡೂಕಾಲಕ್ಕೆ ಠಾಣೆಯಲ್ಲಿ ಡಿನ್ನಿಯ ಹೇಳಿಕೆ ಬರೆದು ಮುಗಿಯಿತು. ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು, ಅದು ನಿಯಮ.

"ಕೊನೇ ಭಾಗ ಬಿಟ್ಟು ಓದ್ತೀರಾ?" ಎಂದ ಡಿನ್ನಿ. "ಆ ಹುಡುಗಿ ಇದಾಳೆ."

"ಬಿಡೋ ಹಾಗಿಲ್ಲ ಡಿನ್ನಿ."

ಗ್ರಾನ್ಯ ಕಿಟಕಿಯತ್ತ ತಿರುಗಿದಳು. ಹೆಶನ್ ಓದಿದರು: "ಜನವರಿಯ ಓಟದ ದಿನ, ಅತಿ ಚೆನ್ನಾಗಿ ಸಿಂಗರಿಸಿದ ಕುದುರೆಯ ಬಹುಮಾನ ನನಗೆ ಬಂತು. ಗಾಯ ಮುಚ್ಚಲು ಕಾಲಿನ ಕೂದಲನ್ನು ಕೆಳಕ್ಕೆ ಬಾಚಿದ್ದೆ. ಬಹುಮಾನ ಕೊಟ್ಟ ಹೆಂಗಸು ಬಗ್ಗಿ ನೋಡಿ, ಕಾಲು ಎಷ್ಟು ಚೆಂದ ಬಾಚಿದ್ದೀಯಪ್ಪಾ ಎಂದರು. ನಾನು ಥ್ಯಾಂಕ್ಸ್ ಹೇಳಿದೆ."